ಕಾಳಿನೊಳಗಿನ ಕಿಣ್ವ, ಒಂದೇ ಕೈಯ ವಿಜ್ಞಾನಿ

ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದವರ ರಿಪೋರ್ಟಿನಲ್ಲಿ ‘ಬ್ಲಡ್ ಯೂರಿಯಾ’ ಎಂಬ ಸಾಲನ್ನು ನಾವೆಲ್ಲ ನೋಡಿದ್ದೇವೆ. ಕಿಡ್ನಿ ಹೇಗಿದೆ ಎಂದು ತಿಳಿಯಲು ಡಾಕ್ಟರು ನೋಡುವ ಅಂಕಿ ಅದು. ಹೊಲಕ್ಕೆ ಎರಚುವ ಯೂರಿಯಾ, ರಕ್ತದೊಳಗಿನ ಯೂರಿಯಾ ಎರಡೂ ಒಂದೇ ವಸ್ತು. ರಕ್ತದಲ್ಲಿ ಅದನ್ನು ಅಳೆಯಲು ಯೂರಿಯೇಸ್ ಎಂಬ ಕಿಣ್ವ ಬಳಸುತ್ತಾರೆ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಅಮೋನಿಯಾ ಎಷ್ಟು ಬಂತೆಂದು ನೋಡಿ ಯೂರಿಯಾದ ಲೆಕ್ಕ ಹಾಕುತ್ತಾರೆ. ಕೊಟ್ಟಿಗೆಯಲ್ಲಿ ಗಂಜಲ ನಿಂತಾಗ ಮೂಗಿಗೆ ಹೊಡೆಯುವ ಘಾಟು ಇದೇ ಅಮೋನಿಯಾ. ಅಲ್ಲಿ ಸೂಕ್ಷ್ಮಜೀವಿಗಳ ಯೂರಿಯೇಸ್ ಕೆಲಸ ಮಾಡಿರುತ್ತದೆ.

ಈ ಕಿಣ್ವ ಜ್ಯಾಕ್ ಬೀನ್ ಎಂಬ ಕಾಳಿನಲ್ಲಿ ಹೇರಳ. ನಮ್ಮ ಅವರೆಯ ದೂರದ ನೆಂಟ ಅದು; ಉದ್ದನೆಯ ಕಾಯಿ, ದಪ್ಪ ಬಿಳಿ ಕಾಳು.

ಅಮೆರಿಕದ ಜೇಮ್ಸ್ ಸಮ್ನರ್ ಈ ಕಾಳಿನ ಬೆನ್ನು ಬಿದ್ದದ್ದು 1917ರಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ. ಹದಿನೇಳನೇ ವಯಸ್ಸಿನಲ್ಲಿ ಬೇಟೆಗೆ ಹೋದಾಗ ಜೊತೆಗಾರನ ಗುಂಡು ತಪ್ಪಿ ತಗುಲಿ ಎಡಗೈಯನ್ನು ಮೊಣಕೈ ಕೆಳಗೆ ಕತ್ತರಿಸಬೇಕಾಯಿತು. ಆತ ಎಡಚ! ಎಲ್ಲವನ್ನೂ ಬಲಗೈಯಲ್ಲಿ ಹೊಸದಾಗಿ ಕಲಿತ. ಹಾರ್ವರ್ಡ್‌ನಲ್ಲಿ ಓದಲು ಹೋದಾಗ ಪ್ರೊಫೆಸರ್ ಒಟ್ಟೊ ಫೋಲಿನ್, ಒಂದು ಕೈಯವನಿಗೆ ರಸಾಯನಶಾಸ್ತ್ರ ಆಗದು, ವಕೀಲಿಕೆ ಓದು ಎಂದರಂತೆ. ಸಮ್ನರ್ ಕೇಳಲಿಲ್ಲ.

ಆಗ ಕಿಣ್ವ ಎಂದರೆ ಏನು ಎಂಬುದೇ ಜಗಳದ ವಿಷಯ. ಜರ್ಮನಿಯ ರಿಚರ್ಡ್ ವಿಲ್‌ಸ್ಟೆಟರ್ ಎಂಬ ನೊಬೆಲ್ ವಿಜೇತರು ಕಿಣ್ವ ಪ್ರೋಟೀನ್ ಅಲ್ಲ ಎನ್ನುತ್ತಿದ್ದರು. ಸಮ್ನರ್‌ಗೆ ಹಾಗೆ ಅನ್ನಿಸಲಿಲ್ಲ. ಕಾಳನ್ನು ಹಿಟ್ಟು ಮಾಡಿ, ಸಾರ ತೆಗೆದು, ಶುದ್ಧ ಯೂರಿಯೇಸ್ ಬೇರ್ಪಡಿಸಲು ಒಂಬತ್ತು ವರ್ಷ ಹೆಣಗಿದರು. ಲ್ಯಾಬಿನಲ್ಲಿ ಐಸ್ ಪೆಟ್ಟಿಗೆ ಇರಲಿಲ್ಲ. ಆಲ್ಕೋಹಾಲ್ ಬೆರೆಸಿದ ಸಾರವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಚಳಿ ಬೀಳಲೆಂದು ಕಾಯುತ್ತಿದ್ದರು. (ಮಳೆಗೆ ಕಾಯುವ ನಮಗೆ ಇದು ಅರ್ಥವಾಗುತ್ತದೆ.)

ಕೊನೆಗೆ ಆಲ್ಕೋಹಾಲ್ ಬಿಟ್ಟು ಅಸಿಟೋನ್ ಬೆರೆಸಿದ ನೀರು ಹಾಕಿ ನೋಡಿದರು. 1926ರಲ್ಲಿ ಸೂಕ್ಷ್ಮದರ್ಶಕದಡಿ ಪುಟ್ಟ ಹರಳುಗಳು ಕಂಡವು. ಕರಗಿಸಿ ನೋಡಿದರೆ ಯೂರಿಯಾವನ್ನು ಭರ್ಜರಿಯಾಗಿ ಒಡೆದವು; ಪರೀಕ್ಷೆಯಲ್ಲಿ ಪ್ರೋಟೀನ್ ಎಂದೇ ತೋರಿದವು. ಜಗತ್ತಿನಲ್ಲಿ ಹರಳು ರೂಪದಲ್ಲಿ ಸಿಕ್ಕ ಮೊದಲ ಕಿಣ್ವ ಅದು. ಹೆಂಡತಿಗೆ ಫೋನ್ ಮಾಡಿ ಹೇಳಿದರು.

ಆದರೂ ಜರ್ಮನಿಯವರು ಒಪ್ಪಲಿಲ್ಲ. ಪ್ರೋಟೀನಿಗೆ ಕಿಣ್ವ ಅಂಟಿಕೊಂಡಿದೆ ಅಷ್ಟೇ ಎಂದರು. 1930ರಲ್ಲಿ ಜಾನ್ ನಾರ್ಥ್ರಪ್ ಹೊಟ್ಟೆಯ ಕಿಣ್ವವಾದ ಪೆಪ್ಸಿನ್ನಿನ ಹರಳು ತೆಗೆದರು. ಅದೂ ಪ್ರೋಟೀನೇ. ಅಲ್ಲಿಂದ ವಾದ ಸೋಲತೊಡಗಿತು. ಸಮ್ನರ್‌ಗೆ ನೊಬೆಲ್ ಬಂದದ್ದು 1946ರಲ್ಲಿ, ಹರಳು ಕಂಡು ಇಪ್ಪತ್ತು ವರ್ಷಗಳ ಮೇಲೆ.