ಪೆಟ್ರೋಲ್ ಟ್ಯಾಂಕಿನ ಉಸಿರು, ಬ್ಯಾರನ್ ಒಲೆ ಮತ್ತು ನಮ್ಮಪ್ಪನ ಜೀಪು

ಹೋದ ವಾರ ಪಕ್ಕದ ಊರಿನ ಹುಡುಗ ಒಬ್ಬ ಬ್ರಷ್ ಕಟರ್ ಹೊತ್ಕೊಂಡು ಮನೆ ಹತ್ರ ಬಂದ. "ಮಾವ, ಹತ್ತು ನಿಮಿಷ ಓಡುತ್ತೆ, ಆಮೇಲೆ ತಾನಾಗೇ ಆಫ್ ಆಗುತ್ತೆ. ಮುಚ್ಚಳ ಬಿಚ್ಚಿ ಹಾಕಿದ್ರೆ ಮತ್ತೆ ಸ್ಟಾರ್ಟ್. ಕಾರ್ಬೊರೇಟರ್ ಕೆಟ್ಟಿದ್ಯಾ?" ಅಂದ. ಮುಚ್ಚಳ ತಿರುಗಿಸಿ ನೋಡಿದೆ. ಅದರ ತಲೆ ಮೇಲಿದ್ದ ಸಣ್ಣ ತೂತಿಗೆ ಎಂ-ಸೀಲ್ ಮೆತ್ತಿದ್ದ. "ಯಾಕ್ಲಾ ಹಿಂಗ್ ಮಾಡ್ದೆ?" ಅಂದ್ರೆ, "ಒಳಗೆ ಇಟ್ರೆ ಮನೆಯೆಲ್ಲಾ ಪೆಟ್ರೋಲ್ ವಾಸನೆ ಮಾವ, ಅಮ್ಮ ಬೈತಾರೆ" ಅಂದ.

ನನಗೆ ನಗು ಬರಲಿಲ್ಲ, ಭಯ ಆಯ್ತು. ಇದೇ ಕೆಲಸವನ್ನ ನಮ್ಮಪ್ಪ 1987ರಲ್ಲಿ ಮಾಡಿಸಿದ್ರು. ಅದಕ್ಕೆ ಈ ಬರಹ ಸ್ವಲ್ಪ ಉದ್ದ ಆಗುತ್ತೆ. ಹೊಗೆಸೊಪ್ಪು ಬೇಯಿಸೋ ಕಾಲ ಬರೋ ಮುಂಚೆ ಎಲ್ಲರೂ ಓದಿ.

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆ ಹಳ್ಳಿಗಳಿಗೆ ಪೆಟ್ರೋಲ್ ಬಂದದ್ದು ಎರಡು ಗಾಡಿಗಳ ಹೊಟ್ಟೆಯಲ್ಲಿ. ಒಂದು ಜೀಪು, ಇನ್ನೊಂದು ಜಾವಾ. ಜೀಪು ಎರಡನೇ ಮಹಾಯುದ್ಧಕ್ಕೆ ಅಂತ ಅಮೆರಿಕದಲ್ಲಿ 1941ರಿಂದ ಸಾವಿರಗಟ್ಟಲೆ ತಯಾರಾದ ಗಾಡಿ. ಸ್ವಾತಂತ್ರ್ಯ ಬಂದ ಹೊತ್ತಿಗೆ, 1947ರಲ್ಲಿ, ಮಹೀಂದ್ರದವರು ವಿಲ್ಲೀಸ್ ಜೀಪುಗಳನ್ನ ನಮ್ಮ ದೇಶದಲ್ಲಿ ಜೋಡಿಸೋಕೆ ಶುರು ಮಾಡಿದ್ರು. ಜಾವಾ ನಮ್ಮ ಮೈಸೂರಿನದ್ದೇ. 1961ರಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಗೆ ಜಯಚಾಮರಾಜ ಒಡೆಯರ್ ಚಾಲನೆ ಕೊಟ್ಟರು. 1973ರಿಂದ ಗಾಡಿಗೆ ಯೆಜ್ಡಿ ಅಂತ ಹೆಸರಾಯ್ತು, 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಆ ಬೈಕಿನ ಸದ್ದಿನ ಮೇಲೆ ಬೇಕಾದ್ರೆ ಒಂದು ಪುಸ್ತಕ ಬರೀಬಹುದು, ಈಗ ಬೇಡ. ನಾನು ಹೇಳ್ತಿರೋದು ಅದರ ಟ್ಯಾಂಕಿನ ಮುಚ್ಚಳದ ವಿಷಯ. ರಾತ್ರಿ ಆದ್ರೆ ಜಾವಾನ ಪಡಸಾಲೆಗೆ ತಂದು ನಿಲ್ಲಿಸೋರು. ಪಕ್ಕದಲ್ಲೇ ಸೀಮೆಎಣ್ಣೆ ಬುಡ್ಡಿ ದೀಪ. ಎಷ್ಟು ಮನೆ ಉಳಿದವೋ ದೇವರ ದಯೆ.

ಟ್ಯಾಂಕಿಗೆ ತೂತು ಯಾಕೆ ಬೇಕು? ಎಳನೀರಿಗೆ ಒಂದೇ ಒಂದು ಸಣ್ಣ ತೂತು ಕೊರೆದು ಬೋರಲು ಹಾಕಿ ನೋಡಿ. ಗಳಗಳ ಅಂತ ಸುರಿಯಲ್ಲ, ತಡೆದು ತಡೆದು ಬರುತ್ತೆ. ನೀರು ಹೊರಗೆ ಬಂದಷ್ಟು ಗಾಳಿ ಒಳಗೆ ಹೋಗಬೇಕು. ಪೆಟ್ರೋಲ್ ಟ್ಯಾಂಕೂ ಹಂಗೇ. ಇಂಜಿನ್ ಪೆಟ್ರೋಲ್ ಎಳೆದಷ್ಟೂ ಒಳಗೆ ಗಾಳಿ ಬರದಿದ್ರೆ ಪೆಟ್ರೋಲ್ ನಿಂತುಹೋಗುತ್ತೆ. ಇದು ಒಳಗೆ ಎಳೆಯೋ ಉಸಿರು. ಹೊರಗೆ ಬಿಡೋ ಉಸಿರೂ ಇದೆ. ಪೆಟ್ರೋಲ್ ಬಿಸಿಗೆ ಉಬ್ಬುತ್ತೆ. 40 ಲೀಟರ್ ಪೆಟ್ರೋಲ್ 15 ಡಿಗ್ರಿ ಬಿಸಿ ಏರಿದ್ರೆ ಅರ್ಧ ಲೀಟರಿಗಿಂತ ಜಾಸ್ತಿ ಹಿಗ್ಗುತ್ತೆ. ಅದರ ಜೊತೆಗೆ ಆವಿ ಏಳೋದು ಬೇರೆ. ಬಂಕಿನಲ್ಲಿ ನೆಲದೊಳಗಿನ ತಣ್ಣನೆ ಪೆಟ್ರೋಲನ್ನ ಕಂಠಮಟ್ಟ ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿದ್ರೆ ಉಕ್ಕದೆ ಇನ್ನೇನು ಮಾಡುತ್ತೆ?

ಹಳೇ ಕಾಲದ ಗಾಡಿ ಮಾಡಿದವರಿಗೆ ಇದು ಗೊತ್ತಿತ್ತು. ಅವರು ಮುಚ್ಚಳಕ್ಕೆ ಒಂದು ತೂತು ಹೊಡೆದು ಸುಮ್ಮನಾದ್ರು. 1908ರಲ್ಲಿ ಬಂದ ಫೋರ್ಡ್ ಮಾಡೆಲ್-ಟಿ ಕಾರಿನಲ್ಲಿ ಟ್ಯಾಂಕ್ ಇದ್ದದ್ದೇ ಮುಂದಿನ ಸೀಟಿನ ಕೆಳಗೆ. ಪಂಪ್ ಇರಲಿಲ್ಲ, ಪೆಟ್ರೋಲ್ ತಾನಾಗೇ ಇಳಿದು ಇಂಜಿನ್ನಿಗೆ ಹೋಗಬೇಕಿತ್ತು. ಕಡಿದಾದ ದಿಣ್ಣೆ ಬಂದ್ರೆ, ಪೆಟ್ರೋಲ್ ಕಮ್ಮಿ ಇದ್ರೆ, ಗಾಡಿ ತಿರುಗಿಸಿ ರಿವರ್ಸಿನಲ್ಲಿ ಹತ್ತಿಸೋರು! ಯುದ್ಧದ ಜೀಪಿನಲ್ಲೂ ಟ್ಯಾಂಕ್ ಡ್ರೈವರ್ ಸೀಟಿನ ಕೆಳಗೇ. ಸೀಟಿನ ಮೆತ್ತೆ ಎತ್ತಿ ಪೆಟ್ರೋಲ್ ಹಾಕಬೇಕಿತ್ತು. ಸೈನಿಕ ಕೂತದ್ದು ಹತ್ತಿರ ಹತ್ತಿರ 57 ಲೀಟರ್ ಪೆಟ್ರೋಲಿನ ಮೇಲೆ. ಯುದ್ಧದಲ್ಲಿ ವಾಸನೆ ಬಗ್ಗೆ ಯಾರು ದೂರು ಕೊಡ್ತಾರೆ ಬುಡಿ. ಆಮೇಲೆ ರೈತರಿಗೆ, ಸಾಹುಕಾರರಿಗೆ ಅಂತ ಮಾಡಿದ ಜೀಪಿನಲ್ಲೂ ಟ್ಯಾಂಕ್ ಸೀಟಿನ ಕೆಳಗೇ ಉಳೀತು. ಸುಮಾರು 40 ಲೀಟರಿಗೆ ಇಳಿಸಿ, ಪೆಟ್ರೋಲ್ ಹಾಕೋ ಬಾಯನ್ನ ಹೊರಕ್ಕೆ ತಂದ್ರು, ಅಷ್ಟೇ.

ನಮ್ಮಪ್ಪ 1984ರಲ್ಲಿ ಅಂಥದ್ದೊಂದು ಹಳೇ ಪೆಟ್ರೋಲ್ ಜೀಪು ತಂದ್ರು. ಬೇಲು ಹೊತ್ಕೊಂಡು ಹರಾಜು ಮಾರುಕಟ್ಟೆಗೆ ಹೋಗೋಕೆ, ಸೌದೆ ತರೋಕೆ, ಊರಿನ ಬಾಣಂತಿಯರನ್ನ ಆಸ್ಪತ್ರೆಗೆ ಸಾಗಿಸೋಕೆ, ಎಲ್ಲಕ್ಕೂ ಅದೇ. ಒಳಗೆ ಕೂತ್ರೆ ಪೆಟ್ರೋಲ್ ವಾಸನೆ. ನಮ್ಮವ್ವ ಹುಣಸೂರು ತಲುಪೋದ್ರೊಳಗೆ ವಾಂತಿ ಮಾಡ್ಕೊಳ್ಳೋರು. "ಜೀಪು ಅಂದ್ರೆ ಹಂಗೇ" ಅಂತ ಅಪ್ಪ.

1987ರ ಸೊಪ್ಪು ಬೇಯಿಸೋ ಕಾಲ. ಮಧ್ಯಾಹ್ನ ಟ್ಯಾಂಕ್ ತುಂಬಿಸ್ಕೊಂಡು ಬಂದು ಮಳೆ ಅಂತ ಜೀಪನ್ನ ಬ್ಯಾರನ್ ಚಪ್ಪರದೊಳಗೆ, ಗೋಡೆಗೆ ಒತ್ತಿ ನಿಲ್ಲಿಸಿದ್ರು. ಕಡ್ಡಿ ಒಣಗಿಸೋ ಹಂತ, ಒಳಗೆ 70 ಡಿಗ್ರಿ ಮೇಲೆ ಬಿಸಿ. ಗೋಡೆ ಮುಟ್ಟಿದ್ರೆ ಕೈ ಚುರ್ ಅನ್ನುತ್ತೆ, ನಿಮಗೆ ನಾನು ಹೇಳ್ಬೇಕಾ. ರಾತ್ರಿ ಹತ್ತು ಗಂಟೆ ಹೊತ್ತಿಗೆ ಒಲೆಗೆ ಸೌದೆ ಹಾಕೋಕೆ ಚಿಕ್ಕಪ್ಪನ ಮಗ ಬಗ್ಗಿದ. ನಾನು ಮೂರು ಮಾರು ದೂರದಲ್ಲಿದ್ದೆ. ನೆಲದ ಮೇಲೆ ನೀಲಿ ಬೆಂಕಿ, ಒಂದು ಹಾವು ಹರಿದಂಗೆ, ಒಲೆ ಬಾಯಿಂದ ಜೀಪಿನ ಕಡೆಗೆ ಓಡಿತು. ಜೀಪಿನಿಂದ ಒಲೆಗಲ್ಲ, ಒಲೆಯಿಂದ ಜೀಪಿಗೆ! ಅವನ ಕಾಲಿನ ಕೂದಲು, ಹುಬ್ಬು ಸುಟ್ಟುಹೋಯ್ತು. ಹಸಿ ಗೋಣಿಚೀಲ, ಮರಳು ಎಸೆದು ಆರಿಸಿದ್ವಿ. ಟ್ಯಾಂಕಿನವರೆಗೆ ಹೋಗಿದ್ರೆ ಇದನ್ನ ಬರೆಯೋಕೆ ನಾನಿರ್ತಿರಲಿಲ್ಲ.

ಅವತ್ತು ದೆವ್ವದ ಬೆಂಕಿ ಅಂದವರೂ ಉಂಟು. ದೆವ್ವ ಅಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆ ತರ ಮೇಲೆ ಹೋಗಲ್ಲ, ನೀರಿನ ತರ ತಗ್ಗಿಗೆ ಹರಿಯುತ್ತೆ. ನಮ್ಮ ಬ್ಯಾರನ್ ಒಲೆ ಬಾಯಿ ಇರೋದು ನೆಲಮಟ್ಟದಲ್ಲಿ, ಕೆಲವು ಕಡೆ ಗುಂಡಿಯೊಳಗೆ. ಸಾಲದ್ದಕ್ಕೆ ಒಲೆ ಉರಿಯೋವಾಗ ಗಾಳಿ ಎಳೀತಾ ಇರುತ್ತೆ. ಅಂದ್ರೆ ಆವಿಯನ್ನ ಬೆಂಕಿಯೇ ತನ್ನ ಹತ್ರ ಕರ್ಕೊಳ್ಳುತ್ತೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಆವಿ ಸೇರಿದ್ರೆ ಸಾಕು, ಹತ್ತಿಕೊಳ್ಳುತ್ತೆ.

ಮಾರನೇ ದಿನ ಅಪ್ಪ ಜೀಪನ್ನ ಒಬ್ಬ ಮೇಸ್ತ್ರಿ ಹತ್ರ ತಗೊಂಡು ಹೋದ್ರು. ಆತ ಮುಚ್ಚಳ ನೋಡಿ, "ಗೌಡ್ರೇ, ಇಲ್ಲೇ ಬತ್ತಾ ಅದೆ ನೋಡಿ ವಾಸನೆ" ಅಂತ ತೂತಿಗೆ ಬೆಸುಗೆ ಹಾಕಿ ಮುಚ್ಚಿಬಿಟ್ಟ. ವಾಸನೆ ಅರ್ಧಕ್ಕರ್ಧ ಕಮ್ಮಿ ಆಯ್ತು. ಅಪ್ಪನಿಗೆ ಖುಷಿ. ಪಿರಿಯಾಪಟ್ಟಣಕ್ಕೆ ಹೊರಟವರು ಕಂಪಲಾಪುರದ ಹತ್ರ ನಿಂತ್ವಿ. ಇಂಜಿನ್ ಸೀನಿ ಸೀನಿ ಆಫ್. ಮುಚ್ಚಳ ಬಿಚ್ಚಿದ್ರೆ ಸುಸ್ ಅಂತ ಗಾಳಿ ಒಳಕ್ಕೆ ಎಳ್ಕೊಂಡ್ತು, ಜೀಪು ಮತ್ತೆ ಹೊರಡ್ತು. ಹಿಂಗೇ ಒಂದು ವಾರ. ಟ್ಯಾಂಕಿನ ನೆತ್ತಿ ಒಳಕ್ಕೆ ಕುಗ್ಗಿತ್ತು. ಇನ್ನೊಂದು ದಿನ ಬಿಸಿಲಲ್ಲಿ ನಿಂತಿದ್ದಾಗ ಮುಚ್ಚಳ ತಿರುಗಿಸಿದ ತಕ್ಷಣ ಪೆಟ್ರೋಲ್ ಅಪ್ಪನ ಎದೆಗೆ ಚಿಮ್ಮಿತು. ಬೀಡಿ ಹಚ್ಚೋ ಅಭ್ಯಾಸ ಅವರಿಗೆ. ಅವತ್ತು ಕೈಯಲ್ಲಿರಲಿಲ್ಲ.

ಆಮೇಲೆ ಬಹಳ ಜನ ಮಾಡಿದ್ದನ್ನೇ ಅಪ್ಪನೂ ಮಾಡಿದ್ರು, ಡೀಸೆಲ್ ಇಂಜಿನ್ ಕೂರಿಸಿದ್ರು. ಪೆಟ್ರೋಲ್ ದುಬಾರಿ, ಡೀಸೆಲ್ ಅಗ್ಗ. ಟ್ರ್ಯಾಕ್ಟರ್, ಪಂಪ್‌ಸೆಟ್ ಎಲ್ಲಾ ಡೀಸೆಲ್ಲೇ. ಡೀಸೆಲ್ ಸಾಧಾರಣ ಬಿಸಿಲಿಗೆ ಹತ್ತಿಕೊಳ್ಳೋ ಮಟ್ಟಕ್ಕೆ ಆವಿ ಏಳಲ್ಲ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಏಳುತ್ತೆ. ಇಲ್ಲೇ ನೋಡಿ ನಾವು ಎಡವಿದ್ದು. ಮೂವತ್ತು ನಲವತ್ತು ವರ್ಷ ಡೀಸೆಲ್ ಜೊತೆ ಬಾಳಿ, ಕ್ಯಾನಿನ ಪಕ್ಕ ಬೀಡಿ ಸೇದಿದ್ರೂ ಏನಾಗಲ್ಲ ಅನ್ನೋ ಧೈರ್ಯ ಬಂತು. ಈಗ ಬ್ರಷ್ ಕಟರ್, ಪವರ್ ವೀಡರ್, ಪವರ್ ಸ್ಪ್ರೇಯರ್ ರೂಪದಲ್ಲಿ ಪೆಟ್ರೋಲ್ ಮತ್ತೆ ಕೊಟ್ಟಿಗೆಗೆ ಬಂದಿದೆ. ಗಾಡಿ ಹೊಸದು, ಅಭ್ಯಾಸ ಡೀಸೆಲ್ಲಿನದು.

ನಾವು ಮರೆತ ಹೊತ್ತಿನಲ್ಲೇ ಹೊರಗಿನವರು ಇದಕ್ಕೆ ದಾರಿ ಹುಡುಕಿದ್ರು. ಆ ಕಥೆ ಶುರುವಾಗೋದು ಬೆಳೆಯಿಂದ. ಅಮೆರಿಕದ ಲಾಸ್ ಏಂಜಲೀಸ್ ಸುತ್ತ 1940ರ ದಶಕದಲ್ಲಿ ಕಣ್ಣು ಉರಿಯೋ ಮಂಜು ಕವೀತು, ಪಾಲಕ್‌ನಂಥ ಸೊಪ್ಪಿನ ಬೆಳೆಗಳ ಎಲೆ ಸುಟ್ಟಂಗಾಯ್ತು. ಹಾಗೆನ್-ಸ್ಮಿಟ್ ಅಂತ ಒಬ್ಬ ವಿಜ್ಞಾನಿ, ಅನಾನಸ್ ಹಣ್ಣಿನ ಪರಿಮಳ ಯಾವುದರಿಂದ ಬರುತ್ತೆ ಅಂತ ಹುಡುಕ್ತಿದ್ದ ಮನುಷ್ಯ, ಈ ಕಡೆ ತಿರುಗಿದ. ಪೆಟ್ರೋಲ್ ಆವಿ ಮತ್ತು ಗಾಡಿ ಹೊಗೆ ಬಿಸಿಲಿಗೆ ಸಿಕ್ಕಿ ಓಝೋನ್ ಆಗುತ್ತೆ, ಎಲೆ ಸುಡೋದು ಅದೇ ಬಗೆಯ ಗಾಳಿ ಅಂತ 1950ರ ದಶಕದ ಶುರುವಿನಲ್ಲಿ ತೋರಿಸಿದ. 1959ರಲ್ಲಿ ಇನ್ನಿಬ್ಬರು ವಿಜ್ಞಾನಿಗಳು ಹೊಗೆಸೊಪ್ಪಿನ ಎಲೆ ಮೇಲೆ ಬೀಳೋ ಬಿಳಿ ಚುಕ್ಕೆಗೂ ಓಝೋನ್ ಕಾರಣ ಅಂತ ಬರೆದ್ರು. ಆಮೇಲೆ ಬೆಲ್-ಡಬ್ಲ್ಯು-3 ಅನ್ನೋ ತಳಿಯ ಹೊಗೆಸೊಪ್ಪನ್ನ ಗಾಳಿ ಕೆಟ್ಟಿದೆಯಾ ಅಂತ ನೋಡೋಕೇ ಹಲವು ದೇಶಗಳಲ್ಲಿ ನೆಟ್ಟರು. ಹೊಗೆಸೊಪ್ಪಿನ ಎಲೆಗೆ ಮನುಷ್ಯನ ಮೂಗಿಗಿಂತ ಮುಂಚೆ ಗೊತ್ತಾಗುತ್ತೆ! ನಮ್ಮ ಹೊಲದ ಚುಕ್ಕೆಗೆಲ್ಲಾ ಇದೇ ಕಾರಣ ಅಂತ ನಾನು ಹೇಳ್ತಿಲ್ಲ, ರೋಗದ ಚುಕ್ಕೆ ಬೇರೆ. ಅದನ್ನ ತಿಳಿದವರಿಗೆ ತೋರಿಸಿ.

ಹಿಂಗಾಗಿ 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, 1971ರಲ್ಲಿ ಇಡೀ ಅಮೆರಿಕದಲ್ಲಿ, ಹೊಸ ಕಾರಿನ ಟ್ಯಾಂಕ್ ಬಯಲಿಗೆ ಉಸಿರು ಬಿಡಬಾರದು ಅಂತಾಯ್ತು. ಉಪಾಯ ಸರಳ. ಟ್ಯಾಂಕಿನ ನೆತ್ತಿಯಿಂದ ಒಂದು ಪೈಪು, ಅದರ ತುದಿಗೆ ಇದ್ದಿಲು ತುಂಬಿದ ಡಬ್ಬಿ. ಗಾಡಿ ನಿಂತಾಗ ಆವಿ ಇದ್ದಿಲಿಗೆ ಅಂಟಿಕೊಳ್ಳುತ್ತೆ. ಇಂಜಿನ್ ಓಡುವಾಗ ಡಬ್ಬಿ ಮೂಲಕ ಗಾಳಿ ಎಳೆದು ಆ ಆವಿಯನ್ನೇ ಉರಿಸಿಕೊಳ್ಳುತ್ತೆ. ಅವರು ಉಸಿರು ಮುಚ್ಚಲಿಲ್ಲ, ಉಸಿರಿಗೆ ದಾರಿ ಮಾಡಿದ್ರು. ನಮ್ಮ ಮೇಸ್ತ್ರಿಗೂ ಅಪ್ಪನಿಗೂ ಹೊಳೀದೇ ಇದ್ದದ್ದು ಇದು. ನಮ್ಮ ದೇಶದ ಬೈಕುಗಳಿಗೆ ಈ ಲೆಕ್ಕ ಬಂದದ್ದು 2017ರ ಏಪ್ರಿಲ್‌ನಲ್ಲಿ, ಬಿಎಸ್-4 ಜೊತೆಗೆ. ಹೊಸ ಬೈಕಿನಲ್ಲಿ ಸಣ್ಣ ಕಪ್ಪು ಡಬ್ಬಿ ಕಂಡ್ರೆ ಕಿತ್ತು ಬಿಸಾಕಬೇಡಿ, ಅದೇ ಇದು.

ಅಪ್ಪ ಹೋದ ಮೇಲೆ ಮೂಲೆಯಲ್ಲಿದ್ದ ಹಳೇ ಪೆಟ್ರೋಲ್ ಇಂಜಿನ್ನನ್ನೇ ರಿಪೇರಿ ಮಾಡಿಸಿ ನಾನು ಜೀಪಿಗೆ ಮತ್ತೆ ಕೂರಿಸಿದೆ. ಹುಚ್ಚು ಅನ್ನಿ. ಈ ಸಲ ವಾಸನೆ ಎಲ್ಲಿಂದ ಅಂತ ಮೊದಲು ಹುಡುಕಿದೆ. ಮುಚ್ಚಳದ ತೂತು ಒಂದೇ ಅಲ್ಲ ಕಳ್ಳ. ಪೆಟ್ರೋಲ್ ಹಾಕೋ ಬಾಯಿಂದ ಟ್ಯಾಂಕಿಗೆ ಬರೋ ದಪ್ಪ ರಬ್ಬರ್ ಪೈಪು ಒಳಮೈಯಲ್ಲಿ ಸೀಳಿತ್ತು. ಮೀಟರಿನ ಫ್ಲೋಟ್ ಕೂರೋ ಜಾಗದ ಕಾರ್ಕ್ ವಾಷರ್ ಪುಡಿಪುಡಿ. ಮುಚ್ಚಳದ ವಾಷರ್ ಕಲ್ಲಾಗಿತ್ತು. 1987ರ ಬೆಂಕಿಗೆ ಬಹುಶಃ ಇವೇ ಕಾರಣ. ಪಾಪದ ತೂತಿಗೆ ಶಿಕ್ಷೆ ಆಯ್ತು. ಮೂರನ್ನೂ ಬದಲಾಯಿಸಿದೆ. ಟ್ಯಾಂಕ್ ನೆತ್ತಿಯಿಂದ ಒಂದು ಪೈಪನ್ನ ಮೇಲಕ್ಕೆ ಏರಿಸಿ, ಗುಜರಿಯಲ್ಲಿ ಸಿಕ್ಕ ಪೆಟ್ರೋಲ್ ಕಾರಿನ ಇದ್ದಿಲು ಡಬ್ಬಿಗೆ ಸೇರಿಸಿ, ಅಲ್ಲಿಂದ ಏರ್ ಕ್ಲೀನರಿಗೆ ಕೊಟ್ಟೆ. ಡಬ್ಬಿಗೆ ಪೆಟ್ರೋಲ್ ನುಗ್ಗಿದ್ರೆ ಇದ್ದಿಲು ಹಾಳು, ಅದಕ್ಕೇ ಪೈಪು ಮೇಲೆ ಹೋಗಿ ಇಳೀಬೇಕು, ಟ್ಯಾಂಕೂ ಕಂಠಮಟ್ಟ ತುಂಬಿಸಬಾರದು. ಈಗ ಮೊಮ್ಮಗನೂ ಮೂಗು ಮುಚ್ಚಲ್ಲ.

ರಬ್ಬರ್ ವಿಷಯ ಇನ್ನೊಂದು ಮಾತು. 2023ರ ಫೆಬ್ರವರಿಯಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಸೇರಿದ ಪೆಟ್ರೋಲನ್ನ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದ್ರು. ಕಬ್ಬು, ಮುಸುಕಿನ ಜೋಳದಿಂದ ಬರೋ ಎಥೆನಾಲ್, ನಮ್ಮ ಬೆಳೆಗೆ ಗಿರಾಕಿ, ನಾನು ಬೇಡ ಅನ್ನಲ್ಲ. ಆದ್ರೆ ಹಳೇ ಕಾಲದ ರಬ್ಬರ್, ಕಾರ್ಕಿಗೆ ಅದು ಆಗಿಬರಲ್ಲ, ಉಬ್ಬಿಸಿ ಬಿರುಕು ಬಿಡಿಸುತ್ತೆ. ಹಳೇ ಜೀಪು, ಯೆಜ್ಡಿ ಇಟ್ಟವರು ಎಥೆನಾಲ್ ತಡೆಯೋ ಹೋಸ್ ಅಂತಾನೇ ಕೇಳಿ ತಗೊಳ್ಳಿ.

ಟ್ಯಾಂಕ್ ಸೋರಿದ್ರೆ ಖಾಲಿ ಮಾಡಿ ವೆಲ್ಡಿಂಗಿಗೆ ಮಾತ್ರ ಒಯ್ಯಬೇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ, ಒಳಗೆಲ್ಲಾ ಆವಿಯೇ. ಪೆಟ್ರೋಲ್ ಇರೋ ಏನನ್ನೂ, ಕ್ಯಾನಾಗಲಿ ಗಾಡಿಯಾಗಲಿ, ಬ್ಯಾರನ್ ಚಪ್ಪರದೊಳಗೆ, ಒಲೆಗಿಂತ ಎತ್ತರದ ಕಡೆ ಇಡಬೇಡಿ.

ಹುಡುಗನ ಮುಚ್ಚಳದ ಎಂ-ಸೀಲನ್ನ ಸೂಜಿಯಿಂದ ಕೆರೆದು ತೆಗೆದೆ, ಕಟರ್ ಸರಿ ಹೋಯ್ತು. ರಾತ್ರಿ ಎಲ್ಲಿಡೋದು ಅಂದ. ಮನೆಯಿಂದ ಆಚೆ, ಗಾಳಿ ಆಡೋ ಕಡೆ, ಹಲಸಿನ ಮರದ ಕೆಳಗೆ ನಾಲ್ಕು ಶೀಟ್ ಹಾಕ್ಕೊ ಅಂದೆ. ಕಳ್ಳರು ಮಾವ ಅಂದ. ಸರಪಳಿ ಹಾಕ್ಲಾ ಅಂದೆ. ಇನ್ನೂ ಹಾಕಿಲ್ಲ, ನಾಳೆ ಹೋಗಿ ನೋಡ್ಬೇಕು.