ಇಳಿಜಾರು ಮತ್ತು ಅಂತಸ್ತು: ಬೆಂಗಳೂರಿನ 2022ರ ನೆರೆಯ ಮರುಪರಿಶೀಲನೆ

ನೆರೆಯ ಹಾನಿಯನ್ನು ಮಳೆಯಷ್ಟೇ ಅಲ್ಲದೆ ಸಾಮಾಜಿಕ ಅಸಮಾನತೆಯೂ ನಿರ್ಧರಿಸುತ್ತದೆ ಎಂಬುದು ನೀಲ್ ಸ್ಮಿತ್ ಮೊದಲಾದ ಭೂಗೋಳತಜ್ಞರ ಬರಹಗಳ ನಂತರ ಬಹುಮಟ್ಟಿಗೆ ಒಪ್ಪಿತವಾದ ವಿಚಾರ. ಬೆಂಗಳೂರಿನ ಭೂಲಕ್ಷಣದ ಬಗ್ಗೆಯೂ ಭಿನ್ನಮತವಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ, ದೊಡ್ಡ ನದಿಯಿಲ್ಲದ ಈ ಊರಿನ ಮಳೆನೀರು ಮುಖ್ಯವಾಗಿ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಮತ್ತು ವೃಷಭಾವತಿ ಕಣಿವೆಗಳಿಗೆ ಇಳಿಯುತ್ತದೆ. ಮೇಲಿನ ಕೆರೆ ತುಂಬಿದಾಗ ಅದರ ಕೋಡಿಯಿಂದ, ಅಂದರೆ ಹೆಚ್ಚುವರಿ ನೀರಿನ ಹೊರದಾರಿಯಿಂದ, ಹೊರಟ ನೀರು ಮುಖ್ಯ ಮಳೆನೀರು ಕಾಲುವೆಯಾದ ರಾಜಕಾಲುವೆಯ ಮೂಲಕ ಕೆಳಗಿನ ಕೆರೆಯನ್ನು ಸೇರುವ ವ್ಯವಸ್ಥೆ ಇಲ್ಲಿ ಬೆಳೆದಿತ್ತು.

ವಿವಾದವಿರುವುದು ಇಳಿಜಾರಿಗೂ ಅಂತಸ್ತಿಗೂ ಇರುವ ಸಂಬಂಧದ ಬಗ್ಗೆ. ಸಮಾಜಶಾಸ್ತ್ರಜ್ಞ ಉಲ್ರಿಚ್ ಬೆಕ್ 1986ರಲ್ಲಿ ಮಂಡಿಸಿದ ‘ಅಪಾಯ ಸಮಾಜ’ ಸಿದ್ಧಾಂತದ ಪ್ರಕಾರ, ಬಡತನವು ವರ್ಗಶ್ರೇಣಿಯನ್ನು ಅನುಸರಿಸಿದರೂ ಆಧುನಿಕ ಅಪಾಯಗಳು ಕೊನೆಗೆ ಸಿರಿವಂತರನ್ನೂ ಬಿಡುವುದಿಲ್ಲ. 2022ರ ಸೆಪ್ಟೆಂಬರಿನ ನೆರೆಯಲ್ಲಿ ಯಮಲೂರು ಮತ್ತು ಸರ್ಜಾಪುರ ರಸ್ತೆಯ ವಿಲ್ಲಾ ನಿವಾಸಿಗಳು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರಬಂದದ್ದು ಈ ಮಾತಿಗೆ ಪುರಾವೆಯಂತೆ ಕಾಣುತ್ತದೆ.

ನೀರು ಎಲ್ಲಿ ನಿಂತಿತು ಎಂಬುದನ್ನಷ್ಟೇ ಅಳೆದರೆ ಮಾತ್ರ ಈ ತೀರ್ಮಾನ ನಿಲ್ಲುತ್ತದೆ. ಆ ವಿಲ್ಲಾಗಳಿರುವ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲೇ ತಗಡಿನ ಜೋಪಡಿಗಳಲ್ಲಿದ್ದ ವಲಸೆ ಕಾರ್ಮಿಕರಿಗೆ ಹೋಟೆಲಿನ ಆಸರೆಯಾಗಲಿ, ವಿಮೆಯಾಗಲಿ, ಪರಿಹಾರ ಕೇಳಲು ಮನೆಯ ಹಕ್ಕುಪತ್ರವಾಗಲಿ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ಒಂದೇ ಆಳದ ನೀರು ಎರಡು ಮನೆಗಳಲ್ಲಿ ಒಂದೇ ನಷ್ಟವಾಗಿ ಉಳಿಯುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು, ಇಳಿಜಾರನ್ನು ಬದಲಿಸುವ ಶಕ್ತಿ ಯಾರಲ್ಲಿದೆ ಎಂಬ ಪ್ರಶ್ನೆ. ಕೋರಮಂಗಲ ಕಣಿವೆಯ ಮಳೆನೀರು ಕಾಲುವೆಗಳ ಉದ್ದ 20ನೆಯ ಶತಮಾನದ ಆರಂಭದಲ್ಲಿ ಸುಮಾರು 113 ಕಿ.ಮೀ. ಇದ್ದದ್ದು 2016–17ರ ವೇಳೆಗೆ ಸುಮಾರು 63 ಕಿ.ಮೀ.ಗೆ ಕುಗ್ಗಿತೆಂದು ಭಾರತದ ಮಹಾಲೇಖಪಾಲರ ವರದಿ ದಾಖಲಿಸಿದೆ. ತಗ್ಗಿನ ಗದ್ದೆಗೆ ಮಣ್ಣು ತುಂಬಿಸಿ ನಿವೇಶನವನ್ನು ಎತ್ತರಿಸಿದಾಗ ಅಲ್ಲಿ ಹರಡಿಕೊಳ್ಳಬೇಕಿದ್ದ ನೀರು ಎತ್ತರಿಸಲಾಗದ ಪಕ್ಕದ ನೆಲಕ್ಕೆ ಸರಿಯುತ್ತದೆ. ಹಾಗಾಗಿ ಬೆಂಗಳೂರಿನಲ್ಲಿ ಅಸಮಾನತೆಯು ಭೂಗೋಳದ ಮೇಲೆ ಹೊರಗಿನಿಂದ ಎರಗಿದ ಸಂಗತಿಯಲ್ಲ, ಆ ಭೂಗೋಳವನ್ನೇ ಭಾಗಶಃ ರೂಪಿಸಿದ ಶಕ್ತಿ ಎಂದು ವಾದಿಸಬಹುದು.

ಈ ವಾದಕ್ಕೆ ಮಿತಿಗಳಿವೆ. ಬಡವರ ಮೇಲೆ ಅಪಾಯ ಹೆಚ್ಚು ಎರಗುತ್ತದೆಂಬುದನ್ನು ಬೆಕ್ ಕೂಡ ಅಲ್ಲಗಳೆದಿಲ್ಲ. ಕಾಲುವೆಗಳ ಕುಗ್ಗುವಿಕೆಯಲ್ಲಿ ಸರ್ಕಾರಿ ಬಡಾವಣೆ, ರಸ್ತೆಗಳ ಪಾಲೂ ಇರುವುದರಿಂದ ಹೊಣೆಯನ್ನು ಒಂದೇ ವರ್ಗಕ್ಕೆ ಹೊರಿಸುವುದು ಸರಿಯಲ್ಲ. ಮೇಲಾಗಿ ಇಲ್ಲಿನ ನಿರೂಪಣೆ ಒಂದು ಕಣಿವೆಗೆ ಸೀಮಿತವಾದದ್ದು. ಹಳೆಯ ಪೇಟೆಯ ಅಂಚಿನಿಂದ ಹರಿಯುವ ವೃಷಭಾವತಿಯ ಕಣಿವೆಗೂ ಇದು ಅನ್ವಯಿಸುತ್ತದೆಯೇ ಎಂಬುದನ್ನು ಹಳೆಯ ಗ್ರಾಮ ನಕಾಶೆಗಳನ್ನು ಇಂದಿನ ನೆಲಮಟ್ಟ ಮತ್ತು ಭೂಒಡೆತನದ ದಾಖಲೆಗಳೊಡನೆ ಹೋಲಿಸಿಯೇ ನಿರ್ಧರಿಸಬೇಕಾಗುತ್ತದೆ.