ಕಿಲುಬಿನ ಮರೆಯ ರೋಮನ್ ನಾಣ್ಯಗಳು

ಹಬ್ಬದ ಮುನ್ನಾದಿನ ಹಿತ್ತಾಳೆಯ ದೀಪಗಳನ್ನೂ ತಾಮ್ರದ ಚೆಂಬುಗಳನ್ನೂ ಹುಣಸೆಹುಳಿ ಹಚ್ಚಿ ಬೆಳಗುವುದು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಕೆಲಸ. ಹುಳಿಯು ಕಿಲುಬನ್ನು ಕಳೆಯುತ್ತದೆ. ಪಾತ್ರೆ ಹೊಸದರಂತೆ ಹೊಳೆಯುತ್ತದೆ. ಆದರೆ ತೋಟವನ್ನು ಅಗೆಯುವಾಗಲೋ ಬಾವಿಯನ್ನು ತೋಡುವಾಗಲೋ ದೊರೆತ ಹಳೆಯ ನಾಣ್ಯವೊಂದಕ್ಕೆ ಅದೇ ಉಪಚಾರವನ್ನು ಮಾಡಿದರೆ, ಎರಡು ಸಾವಿರ ವರ್ಷಗಳ ಕಾಲ ಮಣ್ಣು ಕಾಪಾಡಿದ ಚರಿತ್ರೆಯು ಅರೆಗಳಿಗೆಯಲ್ಲಿ ತೊಳೆದುಹೋಗುತ್ತದೆ. ಅದು ಹೇಗೆಂಬುದನ್ನು ನಮ್ಮ ನಾಡಿನಲ್ಲಿ ದೊರೆತ ರೋಮನ್ ನಾಣ್ಯಗಳ ನಿದರ್ಶನದಿಂದ ವಿವರಿಸುವುದು ಈ ಲೇಖನದ ಉದ್ದೇಶ.

ರೋಮಿನ ಹಣ ಇಲ್ಲಿಗೆ ಬಂದುದು ಮುಖ್ಯವಾಗಿ ಮೆಣಸಿನ ಬೆಲೆಯಾಗಿ. ಮುಂಗಾರಿನ ಗಾಳಿಯನ್ನು ನಂಬಿ ಕೆಂಪು ಸಮುದ್ರದಿಂದ ಹೊರಟ ಹಡಗುಗಳು ನಮ್ಮ ಪಶ್ಚಿಮ ಕರಾವಳಿಯನ್ನು ಸೇರುತ್ತಿದ್ದುವು. ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸುಗಳನ್ನು ಸೆಳೆದುಕೊಳ್ಳುತ್ತಿದೆಯೆಂದು ಕ್ರಿ. ಶ. ಒಂದನೆಯ ಶತಮಾನದಲ್ಲಿ ಪ್ಲಿನಿಯು ಕೊರಗಿದನು. ನಾಲ್ಕು ಸೆಸ್ಟರ್ಸುಗಳಿಗೆ ಒಂದು ಡೆನಾರಿಯಸ್ ಎಂಬ ಬೆಳ್ಳಿಯ ನಾಣ್ಯ; ಎಂದರೆ ಅವನ ಲೆಕ್ಕದಲ್ಲಿ ಅದು ಒಂದೂಕಾಲು ಕೋಟಿ ಡೆನಾರಿಯಸ್ಸುಗಳಿಗೆ ಸಮ. ನಮ್ಮ ‘ದೀನಾರ’ವೆಂಬ ಮಾತು ಈ ಹೆಸರಿನಿಂದಲೇ ಹುಟ್ಟಿದುದು. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ಸಿಕ್ಕಿದ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆಯೇ ಎಂಬುದನ್ನು ಮಂಜೇಶ್ವರದ ಗೋವಿಂದ ಪೈಗಳೂ ವಿಚಾರ ಮಾಡಿದ್ದರು. ಆ ಮಾತುಗಳ ವಿಷಯದಲ್ಲಿ ವಾದಕ್ಕೆ ಎಡೆಯಿದೆ; ನೆಲದಲ್ಲಿ ದೊರೆತ ನಾಣ್ಯಗಳಾದರೋ ಆ ಸಂಪರ್ಕಕ್ಕೆ ಕಣ್ಣಿಗೆ ಕಾಣುವ ಸಾಕ್ಷಿಗಳು.

ಅಂಥ ಸಾಕ್ಷಿ ಕರ್ನಾಟಕದಲ್ಲಿ ಕಡಮೆಯೇನಲ್ಲ. ೧೮೯೧ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ೧೬೩ ಬೆಳ್ಳಿಯ ನಾಣ್ಯಗಳು ಒಂದೇ ಕಡೆ ದೊರೆತುವು. ಅವುಗಳಲ್ಲಿ ಆಗಸ್ಟಸನಿಂದ ಕ್ಲಾಡಿಯಸನವರೆಗಿನ ಚಕ್ರವರ್ತಿಗಳ ಮುದ್ರೆಗಳಿದ್ದುವು. ಚಿತ್ರದುರ್ಗದ ಬೆಟ್ಟಗಳ ಮಗ್ಗುಲಿನ ಚಂದ್ರವಳ್ಳಿಯಲ್ಲಿ ೧೯೦೯ರಲ್ಲಿ ಆರ್. ನರಸಿಂಹಾಚಾರ್ಯರೂ ೧೯೨೯ರಲ್ಲಿ ಎಂ. ಎಚ್. ಕೃಷ್ಣ ಅವರೂ ಉತ್ಖನನ ನಡೆಸಿದರು. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿಯೂ ಬ್ರಹ್ಮಗಿರಿಯಲ್ಲಿಯೂ ಅಗೆಸಿದರು. ಚಂದ್ರವಳ್ಳಿಯಲ್ಲಿ ಸಿಕ್ಕಿದ ರೋಮನ್ ನಾಣ್ಯಗಳು ಬೆರಳೆಣಿಕೆಯವು. ಆದರೆ ಅವುಗಳ ಬೆಲೆ ದೊಡ್ಡದು. ಏಕೆಂದರೆ ಅವು ಸಾತವಾಹನರ ಕಾಲದ ಮಡಕೆಚೂರು, ಸೀಸದ ನಾಣ್ಯ ಮೊದಲಾದವುಗಳ ಜೊತೆಯಲ್ಲಿ ದೊರೆತು, ಆ ಕಾಲವನ್ನು ಗೊತ್ತುಮಾಡಲು ನೆರವಾದುವು. ಟೈಬೀರಿಯಸನು ಆಳಿದುದು ಕ್ರಿ. ಶ. ೧೪ರಿಂದ ೩೭ರವರೆಗೆ. ಅವನ ನಾಣ್ಯವಿರುವ ಕದಡದ ಪದರವು ೧೪ಕ್ಕಿಂತ ಹಿಂದಿನದಾಗಿರಲಾರದು. ಆದರೆ ನಾಣ್ಯವು ಎಷ್ಟೋ ವರ್ಷ ಕೈಯಿಂದ ಕೈಗೆ ತಿರುಗಿ ಬಳಿಕ ನೆಲ ಸೇರಿರಬಹುದು. ಆದುದರಿಂದ ಅದು ಹೇಳುವುದು ‘ಇದಕ್ಕಿಂತ ಮುಂಚೆ ಅಲ್ಲ’ ಎಂಬಷ್ಟನ್ನೇ. ‘ಇದೇ ವರ್ಷ’ ಎಂದಲ್ಲ. ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ಚೆನ್ನಾಗಿ ಮನಗಾಣಬೇಕು.

ಇನ್ನು ನೆಲದೊಳಗೆ ಲೋಹಕ್ಕೆ ಏನಾಗುತ್ತದೆಂಬುದನ್ನು ನೋಡೋಣ. ಬೆಳ್ಳಿಯ ನಾಣ್ಯದಲ್ಲಿ ಅಲ್ಪಸ್ವಲ್ಪ ತಾಮ್ರವಿರುತ್ತದೆ. ಮಣ್ಣಿನ ತೇವಕ್ಕೆ ಮೊದಲು ಕರಗುವುದು ಆ ತಾಮ್ರ. ಅದು ಹೊರಗೆ ಬಂದು ಹಸುರು ಕಿಲುಬಾಗಿ ಕೂರುತ್ತದೆ. ಮಣ್ಣಿನ ಉಪ್ಪು ತಾಗಿದ ಬೆಳ್ಳಿಯು ಬೂದುಬಣ್ಣದ ಕ್ಲೋರೈಡು ಆಗುತ್ತದೆ. ಗಂಧಕ ತಾಗಿದುದು ಕಪ್ಪಾಗುತ್ತದೆ. ತಾಮ್ರ ಮತ್ತು ಕಂಚಿನ ನಾಣ್ಯಗಳಲ್ಲಿ ಒಳಗೆ ಕೆಂಪು, ಹೊರಗೆ ಹಸುರು ಪದರಗಳು ಬೆಳೆಯುತ್ತವೆ. ಇಲ್ಲಿ ಮರೆಯಬಾರದ ಒಂದು ಸಂಗತಿಯುಂಟು. ಹೊರಮೈ ಪೂರ್ತಿಯಾಗಿ ಕಿಲುಬಾಗಿ ಮಾರ್ಪಟ್ಟಾಗ, ಅಕ್ಷರದ ಉಬ್ಬು ಉಳಿದಿರುವುದು ಆ ಪದರದಲ್ಲಿಯೇ ಹೊರತು ಕೆಳಗಿನ ಲೋಹದಲ್ಲಿ ಅಲ್ಲ. ಹುಳಿಯು ಆ ಪದರವನ್ನು ಕರಗಿಸಿದರೆ ಕೈಯಲ್ಲಿ ಉಳಿಯುವುದು ಹೊಳೆಯುವ, ಹೊಂಡಬಿದ್ದ, ಹೆಸರಿಲ್ಲದ ಬಿಲ್ಲೆ ಮಾತ್ರ. ತಾಮ್ರದ ಮೇಲೆ ತೆಳುವಾದ ಬೆಳ್ಳಿಯ ಹೊದಿಕೆ ಹಾಕಿದ ನಾಣ್ಯಗಳೂ ಆ ಕಾಲದಲ್ಲಿದ್ದುವು. ಅವುಗಳಿಗಂತೂ ಉಜ್ಜುವುದೇ ಮೃತ್ಯು.

ಹಾಗಾದರೆ ಶುದ್ಧಿಮಾಡುವ ಕ್ರಮ ಯಾವುದು? ಬಲ್ಲವರು ಮೊದಲು ನಾಣ್ಯವನ್ನು ತೂಗಿ, ಎರಡೂ ಮುಖಗಳ ಚಿತ್ರ ತೆಗೆದು, ದೊರೆತ ಸ್ಥಳವನ್ನು ಬರೆದಿಡುತ್ತಾರೆ. ಲೋಹ ಗಟ್ಟಿಯಾಗಿದ್ದರೆ ಬಟ್ಟಿಯಿಳಿಸಿದ ನೀರಿನಲ್ಲಿ ನೆನೆಸಿ, ಆ ನೀರನ್ನು ಮತ್ತೆ ಮತ್ತೆ ಬದಲಿಸುತ್ತಾರೆ. ಮೆದುವಾದ ಮಣ್ಣನ್ನು ಮೃದುವಾದ ಕುಂಚದಿಂದಲೋ ಮರದ ಕಡ್ಡಿ ಅಥವಾ ಮುಳ್ಳಿನ ತುದಿಯಿಂದಲೋ, ಭೂತಗನ್ನಡಿಯ ಕೆಳಗೆ, ಕಣಕಣವಾಗಿ ಬಿಡಿಸುತ್ತಾರೆ. ಕಂಚಿನ ಮೇಲೆ ತಿಳಿಹಸುರು ಪುಡಿ ಮತ್ತೆ ಮತ್ತೆ ಉದುರುವುದು ಕಂಡರೆ ಅದು ‘ಕಂಚಿನ ರೋಗ’. ಒಳಗೆ ಅಡಗಿದ ಕ್ಲೋರೈಡು ಹವೆಯ ತೇವವನ್ನು ಕುಡಿದು ಲೋಹವನ್ನು ತಿನ್ನುತ್ತಿರುತ್ತದೆ. ಅದರ ಚಿಕಿತ್ಸೆ ಪ್ರಯೋಗಶಾಲೆಯಲ್ಲಿ ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ನಡೆಯುವಂಥದು. ನಮ್ಮ ಕರಾವಳಿಯ ಹವೆಯಲ್ಲಿ ಇಂಥ ನಾಣ್ಯವನ್ನು ತೇವ ತಾಗದಂತೆ ಇಡುವುದೇ ಅರ್ಧ ಚಿಕಿತ್ಸೆ. ಸೀಸದ ನಾಣ್ಯದ ಶತ್ರು ಬೇರೆ. ಮರದ ಪೆಟ್ಟಿಗೆಯಿಂದ ಹೊರಡುವ ಆಮ್ಲದ ಆವಿಗೆ ಅದು ಬಿಳಿಯ ಪುಡಿಯಾಗುತ್ತದೆ. ಚಿತ್ರದುರ್ಗದ ಕಡೆ ದೊರೆತ, ಗೂಳಿಯ ಚಿತ್ರವುಳ್ಳ ‘ಸದಕಣ ಕಳಲಾಯ ಮಹಾರಠಿ’ಯ ನಾಣ್ಯಗಳು ಸೀಸದವು. ಅಂಥವನ್ನು ಅಜ್ಜನ ಕಾಲದ ಮರದ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟರೆ ಆ ಜೋಪಾನವೇ ಕೇಡಾದೀತು.

ಶುದ್ಧಿ ಪೂರ್ಣವಾಗದಿದ್ದರೂ ನಾಣ್ಯವನ್ನು ಗುರುತಿಸಬಹುದು. ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಉಬ್ಬುಗಳು ನೆರಳಿನಿಂದ ಮೇಲೆದ್ದು ತೋರುತ್ತವೆ. ಭಾರತದಲ್ಲಿ ದೊರೆತ ಡೆನಾರಿಯಸ್ಸುಗಳಲ್ಲಿ ಎರಡು ಬಗೆಗಳೇ ಬಹಳ. ಎರಡರಲ್ಲಿಯೂ ಮುಂಭಾಗದಲ್ಲಿ ಎಲೆಯ ಮಾಲೆ ಧರಿಸಿ ಬಲಕ್ಕೆ ತಿರುಗಿದ ತಲೆಯಿರುವುದರಿಂದ, ತೀರ್ಮಾನಕ್ಕೆ ಹಿಂಭಾಗವನ್ನೇ ನೋಡಬೇಕು. ನಡುವೆ ಗುರಾಣಿ ಈಟಿಗಳನ್ನಿಟ್ಟುಕೊಂಡು ಇಬ್ಬರು ನಿಂತಿದ್ದರೆ ಅದು ಆಗಸ್ಟಸನದು. ಆ ಇಬ್ಬರು ಅವನ ಮೊಮ್ಮಕ್ಕಳೂ ದತ್ತುಪುತ್ರರೂ ಆದ ಗೇಯಸ್ ಮತ್ತು ಲೂಸಿಯಸ್. ಕ್ರಿ. ಪೂ. ೨ರಿಂದ ಈ ಬಗೆಯನ್ನು ಇಂದಿನ ಫ್ರಾನ್ಸಿನ ಲಿಯಾನ್ ನಗರದಲ್ಲಿ ಟಂಕಿಸತೊಡಗಿದರು. ಒಬ್ಬಳೇ ಸ್ತ್ರೀ ಪೀಠದ ಮೇಲೆ ಕುಳಿತಿದ್ದು, ಸುತ್ತಲೂ ‘ಪೊಂಟಿಫ್ ಮ್ಯಾಕ್ಸಿಮ್’, ಎಂದರೆ ಪ್ರಧಾನ ಪುರೋಹಿತ, ಎಂಬ ಬರೆಹವಿದ್ದರೆ ಅದು ಟೈಬೀರಿಯಸನದು. ಬರೆಹದಲ್ಲಿ ನಾಲ್ಕೇ ಅಕ್ಷರ ಉಳಿದಿದ್ದರೂ, ನಿಂತವರು ಇಬ್ಬರೋ ಕುಳಿತವಳು ಒಬ್ಬಳೋ ಎಂಬುದು ತಿಳಿದರೆ ಸಾಕು. ತೂಕವೂ ಸಾಕ್ಷಿ ಹೇಳುತ್ತದೆ. ಕ್ರಿ. ಶ. ೬೪ರ ಸುಮಾರಿಗೆ ನೀರೋ ಡೆನಾರಿಯಸ್ಸಿನ ತೂಕವನ್ನೂ ಬೆಳ್ಳಿಯ ಶುದ್ಧತೆಯನ್ನೂ ತಗ್ಗಿಸಿದನು. ನಮ್ಮ ವರ್ತಕರು ಹಳೆಯ ತೂಕದ ನಾಣ್ಯವನ್ನೇ ಮೆಚ್ಚಿದರೆಂಬುದು ಇಲ್ಲಿಯ ನಿಧಿಗಳಿಂದ ತೋರಿಬರುತ್ತದೆ. ಆದರೆ ಹುಳಿಯಲ್ಲಿ ತೂಕ ಕಳೆದುಕೊಂಡ ನಾಣ್ಯದಿಂದ ಈ ಸಾಕ್ಷಿ ಹೊರಡದು.

ಕೊನೆಯದಾಗಿ ನಮ್ಮ ನೆರೆಯ ಒಂದು ಕಥೆ. ೧೮೪೭ರಲ್ಲಿ ಕಣ್ಣೂರಿನ ಪೂರ್ವಕ್ಕಿರುವ ಕೋಟ್ಟಯಂ ಎಂಬಲ್ಲಿ, ಇದು ತೆಂಕಣ ಕೇರಳದ ಕೋಟ್ಟಯಂ ನಗರವಲ್ಲ, ರೋಮಿನ ನೂರಾರು ಚಿನ್ನದ ನಾಣ್ಯಗಳು ದೊರೆತುವು. ಅವುಗಳಲ್ಲಿ ಬಹುಪಾಲು ಜನರ ಕೈಸೇರಿ ಚದುರಿಹೋದುವು. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ. ಆದರೂ ಆ ನಿಧಿಯ ಪೂರ್ಣ ಚರಿತ್ರೆ ನಮಗೆ ದೊರೆಯದೆ ಹೋಯಿತು. ಮಣ್ಣು ಹಾಳುಮಾಡದುದನ್ನು ಮನುಷ್ಯನ ಆತುರ ಹಾಳುಮಾಡಿತು.

ನೆಲದಲ್ಲಿ ನಿಧಿ ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬುದು ೧೮೭೮ರ ಕಾಯಿದೆಯಿಂದ ಮೊದಲಾದ ನಿಯಮ. ಕೇರಳದಲ್ಲಿ ಇದಕ್ಕಾಗಿ ೧೯೬೮ರ ಕಾಯಿದೆಯಿದೆ. ಕಾಸರಗೋಡಿನವರಿಗೆ ಆ ಕಚೇರಿ ದೂರವೂ ಅಲ್ಲ, ವಿದ್ಯಾನಗರದಲ್ಲಿಯೇ ಇದೆ. ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಇಷ್ಟನ್ನು ಹೇಳಿಕೊಟ್ಟರೆ ಸಾಕು: ಹಳೆಯ ನಾಣ್ಯ ಸಿಕ್ಕಿದರೆ ತೊಳೆಯಬೇಡಿ, ಉಜ್ಜಬೇಡಿ, ಕಾಗದದಲ್ಲಿ ಸುತ್ತಿ, ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಜೊತೆಯಲ್ಲಿ ಸಿಕ್ಕಿತೆಂಬುದನ್ನು ಅದರ ಮೇಲೆ ಬರೆದು, ಹಿರಿಯರಿಗೆ ಒಪ್ಪಿಸಿ. ಹೊಳಪು ಯಾವಾಗ ಬೇಕಾದರೂ ಬಂದೀತು. ಒಮ್ಮೆ ಅಳಿದ ಅಕ್ಷರ ಮರಳಿ ಬಾರದು.